ಆಕಾಂಕ್ಷೆಯಿಂದ ಅಭ್ಯಾಸದವರೆಗೆ

2018ರ ಜನವರಿಯಲ್ಲಿ ಕೇಂದ್ರ ಸರ್ಕಾರವು ದೇಶದ ಹಿಂದುಳಿದ ಜಿಲ್ಲೆಗಳ ಅಭಿವೃದ್ಧಿಗೆಂದು ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಅದಕ್ಕೆ ಸೇರಿದ 112 ಜಿಲ್ಲೆಗಳಲ್ಲಿ ಕರ್ನಾಟಕದವು ಎರಡು: ರಾಯಚೂರು ಮತ್ತು ಯಾದಗಿರಿ. ‘ಹಿಂದುಳಿದ’ ಎಂಬ ಹಳೆಯ ಪದವನ್ನು ಕೈಬಿಟ್ಟು ಇವುಗಳನ್ನು ‘ಮಹತ್ವಾಕಾಂಕ್ಷೆಯ ಜಿಲ್ಲೆಗಳು’ ಎಂದು ಕರೆಯಲಾಯಿತು. ಹೆಸರಿನ ಈ ಬದಲಾವಣೆ ಒಳ್ಳೆಯದೇ. ಒಬ್ಬ ವ್ಯಕ್ತಿಯನ್ನಾಗಲಿ ಒಂದು ಊರನ್ನಾಗಲಿ ಅದರ ಕೊರತೆಯಿಂದ ಗುರುತಿಸುವುದಕ್ಕಿಂತ ಅದರ ಹಂಬಲದಿಂದ ಗುರುತಿಸುವುದು ಹೆಚ್ಚು ಮಾನವೀಯ. ಆದರೆ ಈ ಹೆಸರು ನಮ್ಮ ಮುಂದೆ ಒಂದು ಪ್ರಶ್ನೆಯನ್ನೂ ಇಡುತ್ತದೆ. ಆಕಾಂಕ್ಷೆಯೊಂದಿದ್ದರೆ ಸಾಕೇ? ಹಂಬಲಕ್ಕೂ ಅದರ ಸಿದ್ಧಿಗೂ ನಡುವೆ ಇರುವುದೇನು?

ಯಾದಗಿರಿ ತಾಲ್ಲೂಕಿನ ರಾಮಸಮುದ್ರದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇದು ನಿರ್ದಿಷ್ಟವಾದ ಯಾವುದೋ ಒಂದು ಕುಟುಂಬದ ಕಥೆಯಲ್ಲ. ಶಹಾಪುರ, ಸುರಪುರಗಳ ಸುತ್ತಲಿನ ಯಾವ ಹಳ್ಳಿಯಲ್ಲಾದರೂ ಇರಬಹುದಾದ ಮನೆ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಮುಂದೆ ದಾದಿಯಾಗಬೇಕೆಂಬುದು ಅವಳ ಗುರಿ. ತಂದೆಗೆ ಕುಡಿತ ಬಿಡಬೇಕೆಂಬ ಆಸೆ. ತಾಯಿಗೆ ಸಾಲದಿಂದ ಹೊರಬಂದು, ಬರುವ ವರ್ಷವಾದರೂ ಗುಳೆ ಹೋಗದೆ ಊರಲ್ಲೇ ಉಳಿಯಬೇಕೆಂಬ ಆಸೆ. ಹಬ್ಬದ ದಿನ ಮೂವರೂ ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಳ್ಳುತ್ತಾರೆ. ಆ ನಿಶ್ಚಯದಲ್ಲಿ ಸುಳ್ಳಿಲ್ಲ. ಆದರೂ ಮುಂದಿನ ಹಬ್ಬ ಬರುವಷ್ಟರಲ್ಲಿ ಪುಸ್ತಕದ ಅರ್ಧ ಪುಟಗಳು ತೆರೆಯದೆ ಉಳಿದಿರುತ್ತವೆ, ತಂದೆಯ ಮಾತು ಮುರಿದಿರುತ್ತದೆ, ಸಾಲ ಇನ್ನಷ್ಟು ಬೆಳೆದಿರುತ್ತದೆ.

ಈ ಮನೆಯನ್ನು ನೋಡಿ ನಾವು ಏನು ಹೇಳುತ್ತೇವೆ? ‘ಅವರಿಗೆ ಮನಸ್ಸೇ ಇಲ್ಲ’ ಎನ್ನುತ್ತೇವೆ. ಈ ಮಾತು ನಿಜವೇ ಎಂಬುದನ್ನು ನಿಮ್ಮೊಡನೆ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಬೇರೆಯವರ ಮನೆಯ ಕುರಿತು ಹೇಳುವ ಈ ಮಾತನ್ನು ರಾತ್ರಿ ಮಲಗುವಾಗ ನಾವು ನಮ್ಮ ಬಗೆಗೂ ಹೇಳಿಕೊಳ್ಳುತ್ತೇವೆ. ಪ್ರತಿದಿನ ಪ್ರಾರ್ಥಿಸುತ್ತೇನೆಂದು ನಿಶ್ಚಯಿಸಿ ಬಿಟ್ಟವರು, ಕೋಪವನ್ನು ಬಿಡುತ್ತೇನೆಂದು ಹೇಳಿ ಮರುದಿನವೇ ಮಕ್ಕಳ ಮೇಲೆ ಹರಿಹಾಯ್ದವರು ನಮ್ಮಲ್ಲಿ ಯಾರಿಲ್ಲ?

ಒಂದು ಪದದ ಮೂರು ಅರ್ಥ

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಪದಕ್ಕೆ ಮೂರು ಅರ್ಥಗಳಿವೆ. ಮಗು ಅಭ್ಯಾಸ ಮಾಡುತ್ತಿದೆ ಎಂದರೆ ಓದುತ್ತಿದೆ ಎಂದರ್ಥ. ಗಾಯಕ ಅಭ್ಯಾಸ ಮಾಡುತ್ತಾನೆ ಎಂದರೆ ಒಂದನ್ನೇ ಮತ್ತೆ ಮತ್ತೆ ಮಾಡಿ ಪಳಗುತ್ತಾನೆ ಎಂದರ್ಥ. ‘ಬೇಗ ಏಳುವುದು ನನಗೆ ಅಭ್ಯಾಸ’ ಎಂದಾಗ ಅದು ಸ್ವಭಾವವೇ ಆಗಿಬಿಟ್ಟ ರೂಢಿ. ಕಲಿಯುವುದು, ಪಳಗುವುದು, ಸ್ವಭಾವವಾಗುವುದು ಈ ಮೂರೂ ಒಂದೇ ದಾರಿಯ ಮೂರು ಹಂತಗಳೆಂಬುದನ್ನು ನಮ್ಮ ಭಾಷೆ ಒಂದೇ ಪದದಲ್ಲಿ ತಿಳಿಸಿಬಿಟ್ಟಿದೆ. ಅದೇ ಭಾಷೆ ‘ಚಟ’ ಎಂಬ ಇನ್ನೊಂದು ಪದವನ್ನೂ ಇಟ್ಟುಕೊಂಡಿದೆ. ಅಭ್ಯಾಸವನ್ನು ಮನುಷ್ಯ ಹಿಡಿಯುತ್ತಾನೆ. ಚಟ ಮನುಷ್ಯನನ್ನು ಹಿಡಿಯುತ್ತದೆ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇದನ್ನು ಸ್ಪಷ್ಟವಾಗಿ ಕಂಡನು. ಮನೆ ಕಟ್ಟುತ್ತ ಕಟ್ಟುತ್ತಲೇ ಒಬ್ಬನು ಮನೆ ಕಟ್ಟುವವನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯನು ನ್ಯಾಯವಂತನಾಗುತ್ತಾನೆ ಎಂಬುದು ಅವನ ನೀತಿಶಾಸ್ತ್ರದ ಒಂದು ಮುಖ್ಯ ನಿಲುವು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ವಿಚಾರವನ್ನು ತಮ್ಮ ‘ಸುಮ್ಮಾ ಥಿಯೊಲಾಜಿಕಾ’ದಲ್ಲಿ ವಿಸ್ತಾರವಾಗಿ ಚರ್ಚಿಸಿದರು. ಸದ್ಗುಣದ ಅಭ್ಯಾಸವು ಸಾಮಾನ್ಯವಾಗಿ ಒಂದೇ ಕ್ರಿಯೆಯಿಂದ ಹುಟ್ಟದು, ಹಲವು ಕ್ರಿಯೆಗಳಿಂದ ಬೆಳೆಯುತ್ತದೆ. ಕ್ರಿಯೆ ನಿಂತರೆ ಅಭ್ಯಾಸವೂ ಸೊರಗುತ್ತದೆ. ಮನಸ್ಸಿಲ್ಲದೆ ಯಾಂತ್ರಿಕವಾಗಿ ಮಾಡಿದ ಕ್ರಿಯೆಯಿಂದ ಅಭ್ಯಾಸ ಬಲಗೊಳ್ಳದೆ ಕುಗ್ಗಲೂಬಹುದು ಎಂದು ಅವರು ತೋರಿಸಿದರು. ನಮ್ಮ ನಾಡಿನ ಪರಂಪರೆಯಲ್ಲಿ ಪತಂಜಲಿಯ ಯೋಗಸೂತ್ರಗಳೂ ಅಭ್ಯಾಸಕ್ಕೆ ಮೂರು ಲಕ್ಷಣಗಳನ್ನು ಹೇಳುತ್ತವೆ: ಅದು ದೀರ್ಘಕಾಲದ್ದಾಗಿರಬೇಕು, ಎಡೆಬಿಡದೆ ನಡೆಯಬೇಕು, ಆದರದಿಂದ ಕೂಡಿರಬೇಕು. ದೂರದೂರದ ಈ ಚಿಂತಕರು ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ. ಮನುಷ್ಯನನ್ನು ರೂಪಿಸುವುದು ಅವನ ದೊಡ್ಡ ದಿನಗಳ ಸಂಕಲ್ಪವಲ್ಲ, ಅವನ ಸಾಧಾರಣ ದಿನಗಳ ಕ್ರಿಯೆ.

ಇದರ ಕತ್ತಲ ಮುಖವನ್ನು ಸಂತ ಅಗಸ್ಟೀನರಷ್ಟು ಪ್ರಾಮಾಣಿಕವಾಗಿ ಬರೆದವರು ವಿರಳ. 386ರಲ್ಲಿ ಮಿಲಾನ್ ನಗರದಲ್ಲಿ ತಾವು ಅನುಭವಿಸಿದ ತೊಳಲಾಟವನ್ನು ಅವರು ತಮ್ಮ ಆತ್ಮನಿವೇದನೆಯ ಗ್ರಂಥದ ಎಂಟನೆಯ ಭಾಗದಲ್ಲಿ ದಾಖಲಿಸಿದ್ದಾರೆ. ದಾರಿ ತಪ್ಪಿದ ಇಚ್ಛೆ ಬಯಕೆಯಾಯಿತು. ಬಯಕೆಗೆ ಮಣಿಯುತ್ತ ಹೋದಂತೆ ಅದು ರೂಢಿಯಾಯಿತು. ರೂಢಿಯನ್ನು ತಡೆಯದಿದ್ದಾಗ ಅದು ಅನಿವಾರ್ಯವೇ ಆಯಿತು ಎಂದು ಅವರು ತಮ್ಮ ಬಂಧನವನ್ನು ಸರಪಳಿಯ ಕೊಂಡಿಗಳಂತೆ ಬಿಡಿಸಿ ಹೇಳುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಗಸ್ಟೀನರಿಗೆ ಬುದ್ಧಿಯ ಕೊರತೆ ಇರಲಿಲ್ಲ, ಒಳ್ಳೆಯದು ಯಾವುದೆಂಬ ಅರಿವಿನ ಕೊರತೆಯೂ ಇರಲಿಲ್ಲ, ಆಸೆಯಂತೂ ತೀವ್ರವಾಗಿಯೇ ಇತ್ತು. ಆದರೂ ಅವರು ನಿಂತಲ್ಲೇ ನಿಂತಿದ್ದರು. ಆದ್ದರಿಂದ ‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆ ಅರ್ಧ ಸತ್ಯ ಮಾತ್ರ. ಮನಸ್ಸಿಗೇ ಒಂದು ಮಾರ್ಗ ಬೇಕು. ಆ ಮಾರ್ಗ ದಿನದಿನದ ಹೆಜ್ಜೆಯಿಂದ ಸವೆದು ಮೂಡಬೇಕು.

ಗಂಟೆ ಇಲ್ಲದ ಮನೆ

ಇಷ್ಟನ್ನು ಹೇಳಿ ಮುಗಿಸಿಬಿಟ್ಟರೆ ನಾವು ರಾಮಸಮುದ್ರದ ಆ ಮನೆಗೆ ಅನ್ಯಾಯ ಮಾಡಿದಂತಾಗುತ್ತದೆ. ‘ಅಭ್ಯಾಸ ಬೆಳೆಸಿಕೊಳ್ಳಿ’ ಎಂದು ಉಪದೇಶಿಸುವುದು ಸುಲಭ. ಅಭ್ಯಾಸಕ್ಕೆ ಒಂದು ನೆಲೆ ಬೇಕೆಂಬುದನ್ನು ಮರೆಯುವುದು ಅದಕ್ಕಿಂತ ಸುಲಭ.

2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ಅದು ರಾಜ್ಯದಲ್ಲೇ ಅತಿ ಕಡಿಮೆ. 2024ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇಕಡಾ 94ರೊಂದಿಗೆ ಮೊದಲ ಸ್ಥಾನದಲ್ಲಿದ್ದರೆ, ಯಾದಗಿರಿ ಶೇಕಡಾ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371 ಜೆ ವಿಧಿ ಜಾರಿಗೆ ಬಂದಮೇಲೆ ಈ ಭಾಗದ ಮಕ್ಕಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯ ಬಾಗಿಲು ತೆರೆಯಿತು. ಬಾಗಿಲು ತೆರೆದಿದೆ, ಆದರೆ ಹೊಸ್ತಿಲವರೆಗೆ ನಡೆದು ಬರುವ ದಾರಿ ಇನ್ನೂ ಕಠಿಣವಾಗಿದೆ.

ಈ ಅಂಕಿಗಳನ್ನು ಓದುವಾಗ ಉಡುಪಿಯ ಮಕ್ಕಳು ಶ್ರಮಜೀವಿಗಳು, ಯಾದಗಿರಿಯ ಮಕ್ಕಳು ಸೋಮಾರಿಗಳು ಎಂದು ತೀರ್ಮಾನಿಸಬಹುದೇ? ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ಬಿಟ್ಟು ಹೊಲಕ್ಕೆ ಹೋಗುವ ಮಗು ಸೋಮಾರಿಯಲ್ಲ. ಸುಗ್ಗಿ ಮುಗಿದಮೇಲೆ ಕುಟುಂಬವು ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೋ ಹೈದರಾಬಾದಿಗೋ ಮುಂಬಯಿಗೋ ಗುಳೆ ಹೋದಾಗ ತಮ್ಮ ತಂಗಿಯರನ್ನು ಸಂಭಾಳಿಸುವ ಹುಡುಗಿ ಸೋಮಾರಿಯಲ್ಲ. ಅವಳು ದಿನವಿಡೀ ದುಡಿಯುತ್ತಾಳೆ. ಅವಳಿಗೆ ಇಲ್ಲದಿರುವುದು ಪರಿಶ್ರಮವಲ್ಲ. ಪ್ರತಿದಿನ ಒಂದೇ ವೇಳೆಗೆ, ಒಂದೇ ಜಾಗದಲ್ಲಿ, ಒಂದೇ ಕೆಲಸಕ್ಕೆ ಕುಳಿತುಕೊಳ್ಳುವ ಅವಕಾಶ. ವರ್ಷದಲ್ಲಿ ಹಲವು ತಿಂಗಳು ಮನೆಯೇ ಸ್ಥಳ ಬದಲಿಸುವಾಗ ಅಭ್ಯಾಸ ಎಲ್ಲಿ ಬೇರೂರಬೇಕು?

ಗುರುಮಠದಲ್ಲಿ ನಾವು ಕಲಿಯುತ್ತಿದ್ದ ದಿನಗಳಲ್ಲಿ ಎಲ್ಲಕ್ಕೂ ಗಂಟೆ ಬಾರಿಸುತ್ತಿತ್ತು. ಏಳಲು ಗಂಟೆ, ಪ್ರಾರ್ಥನೆಗೆ ಗಂಟೆ, ಓದಿಗೆ ಗಂಟೆ, ಮೌನಕ್ಕೂ ಗಂಟೆ. ನಾವು ಶಿಸ್ತಿನವರಾಗಿಬಿಟ್ಟೆವೆಂದು ನಂಬಿದ್ದೆವು. ರಜೆಗೆ ಮನೆಗೆ ಹೋದ ಮೊದಲ ವಾರದಲ್ಲೇ ಆ ನಂಬಿಕೆ ಕರಗಿಹೋಗುತ್ತಿತ್ತು. ಗಂಟೆ ಇರಲಿಲ್ಲ, ಆದ್ದರಿಂದ ಏಳುತ್ತಲೂ ಇರಲಿಲ್ಲ. ಗಂಟೆಯ ಶಿಸ್ತು ಇನ್ನೂ ನಮ್ಮದಾಗಿರಲಿಲ್ಲವೆಂದು ಆಗ ನಾಚಿಕೆಯಿಂದ ಅರಿತೆವು. ಆದರೆ ಎಷ್ಟೋ ವರ್ಷಗಳ ಮೇಲೆ ಇನ್ನೊಂದು ಸತ್ಯವೂ ಹೊಳೆಯಿತು. ಆ ಗಂಟೆ ಇಲ್ಲದಿದ್ದರೆ ಅಭ್ಯಾಸ ಆರಂಭವೇ ಆಗುತ್ತಿರಲಿಲ್ಲ. ಮೊದಲು ಬೇರೆಯವರು ನಮಗಾಗಿ ಗಂಟೆ ಬಾರಿಸಬೇಕು. ಬಳಿಕ ನಿಧಾನವಾಗಿ ಅದು ನಮ್ಮೊಳಗೆ ಕೇಳಿಸತೊಡಗಬೇಕು. ಒಳ್ಳೆಯ ಅಭ್ಯಾಸವುಳ್ಳವರಲ್ಲಿ ಅನೇಕರು ತಮ್ಮ ಇಚ್ಛಾಶಕ್ತಿಯನ್ನು ಹೊಗಳಿಕೊಳ್ಳುವಾಗ, ಬಾಲ್ಯದಲ್ಲಿ ತಮಗಾಗಿ ಗಂಟೆ ಬಾರಿಸಿದ ತಾಯಿಯನ್ನೋ ಶಿಕ್ಷಕರನ್ನೋ ಮರೆತಿರುತ್ತಾರೆ.

ಸಂತ ಇಗ್ನೇಷಿಯಸರ ಜೀವನದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲಿಗೆ ಗಾಯವಾಗಿ, ಹಾಸಿಗೆಯಲ್ಲಿ ಮಲಗಿದ್ದಾಗ ಅವರ ಬದುಕಿನ ಗುರಿಯೇ ಬದಲಾಯಿತು. ಜನರಿಗೆ ಆತ್ಮಿಕ ಸಹಾಯ ಮಾಡಬೇಕಾದರೆ ವಿದ್ಯೆ ಬೇಕೆಂದು ಅರಿತ ಅವರು, ಮೂವತ್ತು ದಾಟಿದ ವಯಸ್ಸಿನಲ್ಲಿ, 1524ರಲ್ಲಿ ಬಾರ್ಸಿಲೋನದಲ್ಲಿ ಲ್ಯಾಟಿನ್ ವ್ಯಾಕರಣದ ಮೊದಲ ಪಾಠಗಳಿಗೆ ಕುಳಿತರು. ಆದರೆ ಬಾಯಿಪಾಠ ಮಾಡಲು ಹೊರಟಾಗಲೆಲ್ಲ ಮನಸ್ಸು ಬೇರೆಡೆಗೆ ಹಾರುತ್ತಿತ್ತು. ಅದೂ ಕೆಟ್ಟ ಯೋಚನೆಗಳ ಕಡೆಗಲ್ಲ. ಸುಂದರವಾದ ದೈವಿಕ ಚಿಂತನೆಗಳ ಕಡೆಗೆ. ಪ್ರಾರ್ಥನೆಯ ಹೊತ್ತಿನಲ್ಲೂ ಬಾರದ ಇಂಥ ಚಿಂತನೆಗಳು ಓದಿನ ಹೊತ್ತಿನಲ್ಲೇ ಬರುವುದನ್ನು ಗಮನಿಸಿ, ಇದು ಶೋಧನೆಯೆಂದು ಅವರು ಗುರುತಿಸಿದರು. ಆಗ ಅವರು ಮನಸ್ಸಿನಲ್ಲೇ ಇನ್ನೊಂದು ಸಂಕಲ್ಪ ಮಾಡಿ ಸುಮ್ಮನಾಗಲಿಲ್ಲ. ತಮ್ಮ ಶಿಕ್ಷಕರ ಬಳಿಗೆ ಹೋಗಿ ಎಲ್ಲವನ್ನೂ ತಿಳಿಸಿ, ಬಾರ್ಸಿಲೋನದಲ್ಲಿ ಹೊಟ್ಟೆಗೆ ರೊಟ್ಟಿ, ನೀರು ಸಿಗುವವರೆಗೆ ಎರಡು ವರ್ಷ ತಮ್ಮ ಪಾಠವನ್ನು ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು.

ಈ ಸಣ್ಣ ಘಟನೆಯಲ್ಲಿ ಎರಡು ದೊಡ್ಡ ಸಂಗತಿಗಳಿವೆ. ಒಂದು, ಅವರು ತಮ್ಮ ನಿಶ್ಚಯಕ್ಕೆ ಇನ್ನೊಬ್ಬ ಮನುಷ್ಯನನ್ನು ಸಾಕ್ಷಿಯಾಗಿ ನಿಲ್ಲಿಸಿದರು. ಎರಡು, ಸಂತರ ಸಂಕಲ್ಪಕ್ಕೂ ರೊಟ್ಟಿ ಮತ್ತು ನೀರಿನ ಷರತ್ತು ಇತ್ತು. ಅವರು ಕಲ್ಲಿನಂಥ ಮನಸ್ಸಿನವರಾಗಿದ್ದರೂ ಹೊಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು. ಹಾಗಿರುವಾಗ ಹಸಿದ ಮನೆಯ ಮಗುವಿಗೆ ಬರಿಯ ಇಚ್ಛಾಶಕ್ತಿಯ ಪಾಠ ಹೇಳಲು ನಮಗೆ ಯಾವ ಅಧಿಕಾರವಿದೆ?

ಬೆಳೆಸಬೇಕಾದ ನಾಲ್ಕು ರೂಢಿಗಳು

ಹಾಗೆಂದು ಪರಿಸ್ಥಿತಿಯ ಮೇಲೆ ಎಲ್ಲ ಭಾರವನ್ನೂ ಹೊರಿಸಿ ಕೈಕಟ್ಟಿ ಕುಳಿತುಕೊಳ್ಳುವುದೂ ಸರಿಯಲ್ಲ. ಅದು ಬಡವನ ಸ್ವಾತಂತ್ರ್ಯವನ್ನೇ ಅಲ್ಲಗಳೆದಂತೆ. ಕೊಟ್ಟ ಪರಿಸ್ಥಿತಿಯಲ್ಲಿಯೂ ಮನಸ್ಸನ್ನು ಪಳಗಿಸುವ ನಾಲ್ಕು ರೂಢಿಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಗುರಿಯನ್ನು ಇಂದಿನ ಅಳತೆಗೆ ಇಳಿಸುವ ರೂಢಿ. ‘ದಾದಿಯಾಗುತ್ತೇನೆ’ ಎಂಬುದು ಗುರಿ. ಆದರೆ ಅದನ್ನು ಇಂದು ಸಂಜೆ ಮಾಡಲು ಬರುವುದಿಲ್ಲ. ‘ಸಂಜೆ ಒಲೆ ಹೊತ್ತಿಸುವ ಮೊದಲು ವಿಜ್ಞಾನದ ಎರಡು ಪುಟ ಓದುತ್ತೇನೆ’ ಎಂಬುದನ್ನು ಇಂದೇ ಮಾಡಬಹುದು. ಯಾವಾಗ, ಎಲ್ಲಿ, ಏನು ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಂಡವರು ತಮ್ಮ ನಿಶ್ಚಯವನ್ನು ಹೆಚ್ಚು ಬಾರಿ ಕಾರ್ಯಗತಗೊಳಿಸುತ್ತಾರೆಂದು ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ನಡೆಸಿದ ಅಧ್ಯಯನಗಳು ತೋರಿಸಿವೆ. ಇದರಲ್ಲಿ ಗಾಢವಾದ ಗುಟ್ಟೇನೂ ಇಲ್ಲ. ಮಾಡಲೋ ಬೇಡವೋ ಎಂಬ ವಾದವನ್ನು ಪ್ರತಿ ಸಂಜೆಯೂ ಹೊಸದಾಗಿ ಹೂಡಿದರೆ ದಣಿದ ಮನಸ್ಸು ಸೋಲುತ್ತದೆ. ವಾದವನ್ನು ಒಮ್ಮೆ ಮುಗಿಸಿಟ್ಟರೆ, ಹೊತ್ತು ಬಂದಾಗ ಕೈ ತಾನಾಗಿ ಪುಸ್ತಕದ ಕಡೆಗೆ ಹೋಗುತ್ತದೆ.

ಆ ಮನೆಯ ತಂದೆಗೂ ಇದೇ ದಾರಿ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಆರಂಭವಾಗಿ ಇಂದು ನಮ್ಮ ನಾಡಿನಲ್ಲೂ ಇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಲ್ಲಿ ‘ಇನ್ನು ಜೀವನವಿಡೀ ಕುಡಿಯುವುದಿಲ್ಲ’ ಎಂಬ ಪ್ರತಿಜ್ಞೆಗಿಂತ ‘ಇಂದು ಕುಡಿಯುವುದಿಲ್ಲ’ ಎಂಬ ನಿಶ್ಚಯಕ್ಕೇ ಬೆಲೆ. ಜೀವನವಿಡೀ ಎಂಬುದು ಬೆಟ್ಟ. ಇಂದು ಎಂಬುದು ಒಂದು ಹೆಜ್ಜೆ. ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮದ್ಯದ ಚಟ ಬರಿಯ ದುರಭ್ಯಾಸವಲ್ಲ, ಅದು ಚಿಕಿತ್ಸೆ ಬೇಡುವ ಕಾಯಿಲೆಯೂ ಹೌದು. ಬಹುಕಾಲ ವಿಪರೀತವಾಗಿ ಕುಡಿದವರು ವೈದ್ಯರ ನೆರವಿಲ್ಲದೆ ಒಮ್ಮೆಲೇ ಬಿಡುವುದು ಅಪಾಯಕರವಾಗಬಲ್ಲದು. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಉಪದೇಶಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಎರಡನೆಯದು, ಗಮನವನ್ನು ಕಾಯುವ ರೂಢಿ. ಹೊಲಕ್ಕೆ ಬೇಲಿ ಹಾಕುವ ರೈತನಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಬೆಳೆ ಬೆಳೆಯುವುದು ಬೇಲಿಯಿಂದಲ್ಲ. ಆದರೆ ಬೇಲಿಯಿಲ್ಲದೆ ಬೆಳೆ ಉಳಿಯದು. ಇಂದು ಮನಸ್ಸಿನ ಹೊಲಕ್ಕೆ ನುಗ್ಗುವ ದನ ನಮ್ಮ ಕಿಸೆಯಲ್ಲೇ ಇರುವ ಮೊಬೈಲು. ಹತ್ತು ನಿಮಿಷವೆಂದು ಕೈಗೆತ್ತಿಕೊಂಡರೆ ಸಂಜೆಯೇ ಮೇಯ್ದುಹೋಗುತ್ತದೆ. ಮಕ್ಕಳಿಗೆ ಮಾತ್ರ ಇದನ್ನು ಹೇಳಿದರೆ ಸಾಲದು. ತಂದೆ ತಾಯಿಯರ ಕೈಯಲ್ಲಿ ಬೆಳಗುತ್ತಿರುವ ಮೊಬೈಲಿನ ಮುಂದೆ ಮಗುವಿನ ಪುಸ್ತಕ ಮಂಕಾಗುತ್ತದೆ. ಮನೆಯಲ್ಲಿ ಎಲ್ಲರೂ ಸೇರಿ ಅರ್ಧ ಗಂಟೆ ಅದನ್ನು ಕಣ್ಣಿಗೆ ಕಾಣದ ಜಾಗದಲ್ಲಿ ಇಟ್ಟರೆ, ಅದೇ ಆ ಮನೆಯ ಗಂಟೆ.

ಮೂರನೆಯದು, ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವ ರೂಢಿ. ಸಂತ ಇಗ್ನೇಷಿಯಸರು ತಮ್ಮ ‘ಆಧ್ಯಾತ್ಮಿಕ ಸಾಧನೆ’ಗಳಲ್ಲಿ ಒಂದು ಸರಳ ಉಪಾಯವನ್ನು ಹೇಳಿಕೊಟ್ಟಿದ್ದಾರೆ. ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಬೆಳಿಗ್ಗೆ ಅದನ್ನು ನೆನೆದು ಎಚ್ಚರ ತಾಳಬೇಕು. ಮಧ್ಯಾಹ್ನ ಮತ್ತು ರಾತ್ರಿ ಎಷ್ಟು ಬಾರಿ ಬಿದ್ದೆನೆಂದು ನೋಡಿ, ಗೆರೆಯ ಮೇಲೆ ಅಷ್ಟು ಚುಕ್ಕೆ ಇಡಬೇಕು. ಇಂದನ್ನು ನಿನ್ನೆಯೊಂದಿಗೆ, ಈ ವಾರವನ್ನು ಕಳೆದ ವಾರದೊಂದಿಗೆ ಹೋಲಿಸಬೇಕು. ಇಲ್ಲಿ ಹೋಲಿಕೆ ಪಕ್ಕದ ಮನೆಯವರೊಡನೆ ಅಲ್ಲ, ನಿನ್ನೆಯ ನಮ್ಮೊಡನೆ ಮಾತ್ರ. ಪಕ್ಕದ ಮನೆಯ ಮಗುವಿನ ಅಂಕಗಳನ್ನು ನಮ್ಮ ಮಗುವಿನ ಮುಂದೆ ಹಿಡಿಯುವ ನಾವು ಈ ಮಾತನ್ನು ಗಮನವಿಟ್ಟು ಕೇಳಬೇಕು. ಮನೆಯ ತಾಯಿ ಈ ಉಪಾಯವನ್ನು ಹಣದ ಲೆಕ್ಕಕ್ಕೂ ಬಳಸಬಹುದು. ದಿನಕ್ಕೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಮಗಳ ಕೈಯಲ್ಲಿ ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆಸಿದರೆ ಸಾಲ ಅಂದೇ ತೀರುವುದಿಲ್ಲ. ಆದರೆ ಅದು ಎಲ್ಲಿಂದ ಬೆಳೆಯುತ್ತಿದೆ ಎಂಬುದಾದರೂ ಕಾಣುತ್ತದೆ. ತನಗೆ ತಾನು ಸುಳ್ಳು ಹೇಳಿಕೊಳ್ಳದಿರುವುದು ಎಲ್ಲ ಸಾಧನೆಯ ಬುಡ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಮರಳಿ ಆರಂಭಿಸುವ ರೂಢಿ. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಫಿಲಿಪ್ಪ ಲ್ಯಾಲಿ ಮತ್ತು ಅವರ ಸಹೋದ್ಯೋಗಿಗಳು 96 ಮಂದಿಯನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ವರದಿಯು ಒಂದು ಸಮಾಧಾನದ ಸಂಗತಿಯನ್ನು ತಿಳಿಸುತ್ತದೆ. ದಿನವೂ ಮಾಡುವ ಒಂದು ಸಣ್ಣ ಕೆಲಸ ತಾನಾಗಿ ನಡೆಯುವಂತಾಗಲು ಅವರಲ್ಲಿ ಕೆಲವರಿಗೆ 18 ದಿನ ಸಾಕಾಯಿತು. ಇನ್ನು ಕೆಲವರಿಗೆ 254 ದಿನಗಳು ಬೇಕೆಂದು ಲೆಕ್ಕ ಬಂದಿತು. ನಡುವಿನ ಅಂಕಿ 66 ದಿನ. 21 ದಿನಗಳಲ್ಲಿ ಅಭ್ಯಾಸ ಬಂದುಬಿಡುತ್ತದೆ ಎಂಬ ಜನಪ್ರಿಯ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲವೆಂದೂ ಅವರು ಕಂಡುಕೊಂಡರು. ನಮ್ಮನ್ನು ಕೆಡಿಸುವುದು ತಪ್ಪಿದ ಆ ಒಂದು ದಿನವಲ್ಲ. ‘ಹೇಗೂ ತಪ್ಪಿತಲ್ಲ, ಇನ್ನೇನು’ ಎಂದು ನಾವು ಹೇಳಿಕೊಳ್ಳುವ ಮಾರನೆಯ ದಿನ.

ಈ ಪಾಠವನ್ನು ಕಲಿಯಲು ಯಾದಗಿರಿಯ ಜನ ಲಂಡನ್ನಿಗೆ ಹೋಗಬೇಕಾಗಿಲ್ಲ. ಮುಂಗಾರಿನ ಮೊದಲ ಮಳೆಗೆ ತೊಗರಿ ಬಿತ್ತಿ, ಮಳೆ ಕೈಕೊಟ್ಟು ಮೊಳಕೆ ಒಣಗಿದಾಗ, ಎರಡನೆಯ ಮಳೆಗೆ ಮತ್ತೆ ಕೂರಿಗೆ ಹೂಡುವ ರೈತ ಅದನ್ನು ತಲೆತಲಾಂತರದಿಂದ ಬಲ್ಲ. ಒಣಗಿದ ಮೊಳಕೆಯನ್ನು ಕಂಡು ಅವನಿಗೆ ದುಃಖವಾಗುವುದಿಲ್ಲವೆಂದಲ್ಲ. ಆದರೆ ಆ ದುಃಖವನ್ನೇ ಅವನು ತನ್ನ ಕೊನೆಯ ಮಾತಾಗಲು ಬಿಡುವುದಿಲ್ಲ. ಹೊಲದಲ್ಲಿರುವ ಈ ವಿವೇಕವನ್ನು ಮನೆಯೊಳಕ್ಕೆ ತರಬೇಕಾಗಿದೆ. ಗುಳೆ ಮುಗಿಸಿ ಬಂದ ಮಗು ಬಿಟ್ಟ ಪುಟದಿಂದಲೇ ಓದಲು ಆರಂಭಿಸಬಹುದು. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯುವ ಅವಕಾಶವೂ ಇದೆ. ಅನುತ್ತೀರ್ಣನಾದ ಮಗನನ್ನು ಮೊದಲ ದಿನವೇ ಬೆಂಗಳೂರಿನ ಬಸ್ಸು ಹತ್ತಿಸುವ ಮೊದಲು, ಮರಳಿ ಕುಳಿತುಕೊಳ್ಳಲು ಅವನಿಗೆ ಕೆಲವು ವಾರಗಳನ್ನು ಕೊಡಬಹುದಲ್ಲವೇ?

ನಮ್ಮ ವಿಶ್ವಾಸದ ಬದುಕಿನಲ್ಲೂ ಪಾಪನಿವೇದನೆಯ ಸಂಸ್ಕಾರವಿರುವುದು ಈ ಮರಳಿ ಆರಂಭಿಸುವಿಕೆಗಾಗಿಯೇ. ಅಲ್ಲಿ ನಾವು ಹಳೆಯದೇ ತಪ್ಪನ್ನು ಮತ್ತೆ ಹೇಳಿಕೊಳ್ಳುತ್ತೇವೆ; ನಾಚುತ್ತೇವೆ; ಆದರೂ ಹೋಗುತ್ತೇವೆ. ದೇವರು ನಮ್ಮಿಂದ ದಣಿಯುವುದಿಲ್ಲ. ದಣಿಯುವವರು ನಾವು, ಅದೂ ನಮ್ಮಿಂದಲೇ ನಾವು. ದೇವರ ಕೃಪೆ ನಮ್ಮ ಪ್ರಯತ್ನದ ಬದಲಿಗೆ ಬರುವುದಲ್ಲ. ಬಿದ್ದಮೇಲೂ ಮತ್ತೆ ಪ್ರಯತ್ನಿಸುವ ಧೈರ್ಯವಾಗಿ ಅದು ಬರುತ್ತದೆ.

ಗುರಿ ತಪ್ಪಿದರೆ?

ಕೊನೆಯದಾಗಿ ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ಗುರಿ ಕೈಗೂಡದಿದ್ದರೆ? ಆ ಹುಡುಗಿ ದಿನವೂ ಓದಿಯೂ ದಾದಿಯಾಗದೆ ಹೋಗಬಹುದು. ಹಣ, ಆರೋಗ್ಯ, ಮದುವೆ, ಮಳೆ ಇವು ಅವಳ ಕೈಯಲ್ಲಿಲ್ಲ. ಅಭ್ಯಾಸ ಬೆಳೆಸಿದರೆ ಯಶಸ್ಸು ಖಚಿತವೆಂದು ಭರವಸೆ ಕೊಡುವವರು ಸತ್ಯವನ್ನು ಹೇಳುತ್ತಿಲ್ಲ. ಆ ಭರವಸೆಯನ್ನು ನಾನು ನಿಮಗೆ ಕೊಡಲಾರೆ.

ಆದರೆ ಗುರಿಗೂ ಅಭ್ಯಾಸಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಗುರಿ ಮುಂದಿನ ಒಂದು ದಿನದಲ್ಲಿದೆ; ಅದು ಬರಬಹುದು, ಬಾರದಿರಬಹುದು. ಅಭ್ಯಾಸ ಇಂದಿನಿಂದಲೇ ನಮ್ಮೊಳಗೆ ಇದೆ. ದಿನವೂ ಅರ್ಧ ಗಂಟೆ ಗಮನವಿಟ್ಟು ಕುಳಿತ, ತನ್ನ ಲೆಕ್ಕವನ್ನು ನಿಜವಾಗಿ ಬರೆದ, ಬಿದ್ದು ಮತ್ತೆ ಎದ್ದ ಹುಡುಗಿ ಪರೀಕ್ಷೆಯ ಫಲಿತಾಂಶ ಏನೇ ಇರಲಿ, ಒಂದು ವರ್ಷದ ಹಿಂದಿನ ಹುಡುಗಿಯಲ್ಲ. ಮುಂದೆ ಅವಳು ಯಾವ ಮನೆಯನ್ನು ಬೆಳಗಿದರೂ ಈ ಬೆಳಕನ್ನು ಒಯ್ಯುತ್ತಾಳೆ. ಇನ್ನೊಂದು ಮಾತು: ತನ್ನ ಗುರಿಯೊಂದನ್ನೇ ನೋಡುತ್ತ ಪಕ್ಕದವರನ್ನು ಮರೆಯುವ ಶಿಸ್ತು ಶಿಸ್ತಲ್ಲ, ಅದು ಸ್ವಾರ್ಥದ ಇನ್ನೊಂದು ಹೆಸರು. ಓದುವ ಅರ್ಧ ಗಂಟೆಯಲ್ಲಿ ತಂಗಿಗೂ ಚಾಪೆಯಲ್ಲಿ ಜಾಗ ಕೊಡುವ ಅಭ್ಯಾಸವೇ ಕ್ರೈಸ್ತ ಅಭ್ಯಾಸ.

ಕೆರೆಗಳಿಗೆ ಸಮುದ್ರ, ಸಾಗರ ಎಂದು ಹೆಸರಿಡುವುದು ಕನ್ನಡ ನಾಡಿನ ಹಳೆಯ ರೂಢಿ. ರಾಮಸಮುದ್ರ ಎಂಬಂಥ ಹೆಸರುಗಳನ್ನು ಕೇಳುವಾಗ ಆ ರೂಢಿ ನೆನಪಾಗುತ್ತದೆ. ಕೆರೆ ಒಂದೇ ಮಳೆಗೆ ತುಂಬುವುದು ವಿರಳ. ಒಬ್ಬನೇ ಅದನ್ನು ಕಟ್ಟಿದ್ದೂ ಇಲ್ಲ. ಊರವರೆಲ್ಲ ಕೂಡಿ ಏರಿ ಕಟ್ಟಿದರು, ಆಗಾಗ ಹೂಳೆತ್ತಿದರು, ಆಮೇಲೆ ಹನಿಹನಿಗಾಗಿ ಕಾದರು. ಮನುಷ್ಯನ ಅಭ್ಯಾಸವೂ ಹಾಗೆಯೇ. ನೀರು ತುಂಬುವುದು ಅವನವನ ಹನಿಗಳಿಂದ. ಏರಿ ಕಟ್ಟಬೇಕಾದವರು ನಾವೆಲ್ಲರೂ.

ಆದ್ದರಿಂದ, ಪ್ರಿಯ ಓದುಗರೇ, ನಿಮ್ಮಲ್ಲಿ ಎರಡು ವಿನಂತಿಗಳು. ಇಂದು ರಾತ್ರಿ ಮಲಗುವ ಮೊದಲು ನಿಮ್ಮ ದೊಡ್ಡ ಆಸೆಯೊಂದನ್ನು ನಾಳೆಯ ಒಂದು ಚಿಕ್ಕ ಕೆಲಸವಾಗಿ ಬದಲಿಸಿ, ಅದರ ಹೊತ್ತು ಮತ್ತು ಜಾಗವನ್ನು ಮನೆಯ ಇನ್ನೊಬ್ಬರಿಗೆ ತಿಳಿಸಿ. ಎರಡನೆಯದಾಗಿ, ನಿಮ್ಮ ಬೀದಿಯಲ್ಲಿ ಓದಲು ದೀಪವಿಲ್ಲದ, ಜಾಗವಿಲ್ಲದ, ‘ಕುಳಿತುಕೋ ಮಗೂ’ ಎನ್ನುವವರಿಲ್ಲದ ಒಂದು ಮಗು ಇದ್ದರೆ, ಸಂಜೆ ಒಂದು ಗಂಟೆಯ ಕಾಲ ನಿಮ್ಮ ಮನೆಯ ಪಡಸಾಲೆಯನ್ನೋ ಧರ್ಮಕೇಂದ್ರದ ಒಂದು ಕೋಣೆಯನ್ನೋ ಅದಕ್ಕೆ ತೆರೆಯಿರಿ. ನಾಳೆ ಆ ಮಗು ಬಾರದಿದ್ದರೆ ಗದರಬೇಡಿ. ನಾಡಿದ್ದು ಬಂದಾಗ ಚಾಪೆ ಹಾಸಿ, ಬಿಟ್ಟ ಪುಟವನ್ನು ತೆರೆದುಕೊಡಿ.